ದಿಗ್ಭ್ರಮೆ

ಕೆಟ್ಟ ಹವಾಮಾನದಲ್ಲಿ ಸಣ್ಣ ವಿಮಾನವೊಂದು ಬಿದ್ದರೆ ಮರುದಿನದ ಪೇಪರ್‌ನಲ್ಲಿ 'ಗಣ್ಯರ ದಿಗ್ಭ್ರಮೆ' ಅಂತ ಓದುತ್ತೇವೆ. ಅಲ್ಲಿ ಅದಕ್ಕೆ ಆಘಾತ ಅಂತ ಅರ್ಥ. ಆದರೆ ಪದವನ್ನು ಬಿಡಿಸಿ ನೋಡಿ: ದಿಕ್ಕು, ಭ್ರಮೆ. ಮೋಡ ಹೊಕ್ಕ ಪೈಲಟ್‌ಗೆ ಆಗುವುದು ಈ ಮೂಲ ಅರ್ಥದ ದಿಗ್ಭ್ರಮೆ. ವಿಮಾನದವರು ಸ್ಪೇಷಿಯಲ್ ಡಿಸ್‌ಓರಿಯೆಂಟೇಷನ್ ಅನ್ನುತ್ತಾರೆ. ನನಗೆ ನಮ್ಮ ಪದವೇ ಜಾಸ್ತಿ ಸರಿ ಅನಿಸುತ್ತದೆ.

ಕಲಬುರಗಿಯಲ್ಲಿ 2019ರ ನವೆಂಬರ್‌ನಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಆಮೇಲೆ ತರಬೇತಿಯ ಪುಟ್ಟ ವಿಮಾನಗಳೂ ಬಂದವು. ಹೊರಗೆ ನೋಡಿ ಹಾರಿಸುವವರಿಗೆ ನೆಲ, ಆಕಾಶ ಕೂಡುವ ಗೆರೆಯೇ ಆಧಾರ. ನಮ್ಮ ತೊಗರಿ ಹೊಲಗಳ ಬಯಲಿನಲ್ಲಿ ಅದು ದೂರದವರೆಗೂ ನೆಟ್ಟಗೆ ಕಾಣುತ್ತದೆ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಮೋಡ ಕೆಳಗಿಳಿದರೆ ಆ ಗೆರೆಯೇ ಅಳಿಸಿಹೋಗುತ್ತದೆ.

ಆಗ ಕಿವಿ ಮೋಸ ಮಾಡುತ್ತದೆ. ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಸಣ್ಣ ಕೊಳವೆಗಳಿವೆ. ನಾವು ತಿರುಗಿದ್ದು ಗೊತ್ತಾಗುವುದು ಅವುಗಳಿಂದ. ಒಂದೇ ಸಮನೆ ತಿರುಗುತ್ತಿದ್ದರೆ 20 ಸೆಕೆಂಡಿನೊಳಗೆ ಆ ದ್ರವವೂ ಜೊತೆಗೇ ತಿರುಗುತ್ತದೆ. ಆಮೇಲೆ ತಿರುಗುತ್ತಿದ್ದೇವೆ ಅಂತಲೇ ಅನಿಸುವುದಿಲ್ಲ. ಮಕ್ಕಳು ಅಂಗಳದಲ್ಲಿ ಗಿರಗಿರ ಸುತ್ತಿ ತಟ್ಟನೆ ನಿಂತಾಗ ನೆಲ ಇನ್ನೂ ಸುತ್ತುತ್ತದೆ ಅಲ್ವಾ, ಅದೂ ಇದೇ ದ್ರವದ ಕೆಲಸ. ವಿಮಾನ ಒಂದು ಕಡೆ ವಾಲಿ ಸುತ್ತುತ್ತಿರುತ್ತದೆ, ಪೈಲಟ್‌ಗೆ ನೇರ ಹೋಗುತ್ತಿದ್ದೇನೆ ಅನಿಸುತ್ತದೆ. ಎತ್ತರ ಇಳಿಯುತ್ತಿದೆ ಅಂತ ಕಂಡು ವಿಮಾನದ ಮೂತಿ ಎತ್ತಲು ಹಾರಿಸುವ ಹಿಡಿಕೋಲನ್ನು ತಮ್ಮ ಕಡೆ ಎಳೆಯುತ್ತಾರೆ. ವಾಲಿದ್ದನ್ನು ಸರಿಮಾಡದೆ ಎಳೆದರೆ ಸುತ್ತು ಇನ್ನೂ ಬಿಗಿಯಾಗುತ್ತದೆ.

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ ಇದನ್ನು ಪರೀಕ್ಷಿಸಿತು. ಉಪಕರಣ ನೋಡಿ ಹಾರಿಸುವ ಅಭ್ಯಾಸವಿಲ್ಲದ 20 ಜನರಿಗೆ ಹೊರಗಿನದು ಕಾಣದಂತೆ ಮಾಡಿದರು. ಇಪ್ಪತ್ತೂ ಜನ ಹತೋಟಿ ತಪ್ಪಿದರು. ಸರಾಸರಿ 178 ಸೆಕೆಂಡು, ಮೂರು ನಿಮಿಷವೂ ಇಲ್ಲ! 1999ರಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ತಾವೇ ಹಾರಿಸುತ್ತಿದ್ದ ವಿಮಾನ ಮಬ್ಬು ಕವಿದ ರಾತ್ರಿ ಸಮುದ್ರಕ್ಕೆ ಬಿತ್ತು. ತನಿಖೆ ಹೇಳಿದ ಕಾರಣವೂ ಇದೇ ದಿಗ್ಭ್ರಮೆ.

'ಗಟ್ಟಿ ಪೈಲಟ್ ಆಗಿದ್ದರೆ ಹೀಗಾಗುತ್ತಿರಲಿಲ್ಲ' ಅಂತ ಸುಮ್ನೆ ಹೇಳಿಬಿಡುತ್ತಾರೆ. ಅದು ಸರಿಯಲ್ಲ. ಅನುಭವ ಎಷ್ಟಿದ್ದರೂ ಕಿವಿ ಎಲ್ಲರದೂ ಒಂದೇ. ನಂಬಬೇಕಾದ್ದು ಎದುರಿನ ಕೃತಕ ದಿಗಂತವನ್ನು: ಅರ್ಧ ನೀಲಿ, ಅರ್ಧ ಕಂದು ಬಣ್ಣದ ಒಂದು ದುಂಡನೆಯ ಮೀಟರು. ಮೈಯೆಲ್ಲ 'ನೀನು ನೆಟ್ಟಗಿದ್ದೀ' ಅನ್ನುವಾಗ ಅದು 'ವಾಲಿದ್ದೀ' ಅಂದರೆ, ಅದರ ಮಾತೇ ಕೇಳಬೇಕು. ಇದನ್ನು ಕಲಿಸಲು ತರಬೇತಿಯಲ್ಲಿ ತಲೆಗೆ ಒಂದು ಮರೆ ಕಟ್ಟುತ್ತಾರೆ. ಕಿಟಕಿ ಕಾಣುವುದಿಲ್ಲ, ಮೀಟರುಗಳು ಮಾತ್ರ ಕಾಣುತ್ತವೆ.