ಮೇಲಿನ ತೂಬಿನ ಮಾತು

ಮಾನ್ವಿ ಕಡೆಯ ಒಂದೂರಲ್ಲಿ ಕಾಲುವೆ ನೀರಿನ ಸಭೆ. ಕೊನೆಭಾಗದ ಹೊಲದ ಅಮ್ಮ ಒಬ್ಬರು ಎದ್ದು, "ರಾತ್ರಿ ಪಾಳಿ ನಮಗ ಬಿಡ್ರಿ, ಹಗಲು ಮ್ಯಾಲಿನವರು ತಗೊಳ್ಳಲಿ" ಅಂದರು. ಯಾರೂ ತುಟಿ ಬಿಚ್ಚಲಿಲ್ಲ. ಸ್ವಲ್ಪ ಹೊತ್ತಿಗೆ ಅಡತಿ ಅಂಗಡಿಯ ಸಾಹುಕಾರರು ಅದನ್ನೇ ಹೇಳಿದರು. "ಬರೋಬ್ಬರಿ ಹೇಳಿದ್ರಿ ಸಾವ್ಕಾರ್ರ!" ಎಂದು ಎಲ್ಲರೂ ತಲೆಯಾಡಿಸಿದರು.

ಜನ ಹೆದರಿ ಒಪ್ಪುತ್ತಾರೆ ಅಂತ ಸುಮ್ನೆ ಹೇಳಿಬಿಡುತ್ತೇವೆ. ಹೆದರಿಕೆ ಇರಬಹುದು. ಆದರೆ ಎಷ್ಟೋ ಸಲ ಅವರಿಗೆ ಆ ಮಾತು ನಿಜವಾಗಿಯೂ ಹೆಚ್ಚು ಸರಿ ಅನ್ನಿಸಿರುತ್ತದೆ. ಸೋಜಿಗ ಇರುವುದೇ ಇಲ್ಲಿ.

ಅಮೆರಿಕದ ಫ್ರೆಡ್ ಸ್ಟ್ರಾಡ್‌ಬೆಕ್ ಮತ್ತು ಜೊತೆಗಾರರು 1957ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಜ್ಯೂರಿ ಅಂದರೆ ಕೋರ್ಟಿನಲ್ಲಿ ವಿಚಾರಣೆ ಕೇಳಿ ತೀರ್ಮಾನ ಹೇಳುವ ಸಾಮಾನ್ಯ ಜನರ ತಂಡ. ಷಿಕಾಗೊ ಮತ್ತು ಸೇಂಟ್ ಲೂಯಿಯ ನಿಜವಾದ ಜ್ಯೂರಿ ಪಟ್ಟಿಯಿಂದಲೇ ಜನರನ್ನು ಕರೆದರು. ರೆಕಾರ್ಡ್ ಮಾಡಿದ ವಿಚಾರಣೆ ಕೇಳಿಸಿ, ಚರ್ಚೆಗೆ ಕೂರಿಸಿದರು. ವ್ಯಾಪಾರಸ್ಥರೇ ಜಾಸ್ತಿ ಮಾತಾಡಿದರು, ಕೂಲಿಯವರು ಕಡಿಮೆ. ಹೆಂಗಸರು ಮುಖ್ಯಸ್ಥರಾಗಿದ್ದು ತೀರಾ ಅಪರೂಪ. "ಯಾರ ಮಾತು ಉಪಯೋಗವಾಯಿತು?" ಎಂದು ಕೇಳಿದಾಗಲೂ ಹೆಚ್ಚು ಮತ ಬಿದ್ದದ್ದು ವ್ಯಾಪಾರಸ್ಥರಿಗೇ.

ಇದು ಹೇಗೆ ನಡೆಯುತ್ತದೆ? ತುಂಗಭದ್ರಾ ಎಡದಂಡೆ ಕಾಲುವೆಯನ್ನು ನೆನೆಯಿರಿ. ಮೇಲಿನವನಿಗೆ ನೀರು ಮೊದಲು, ಹಾಗಾಗಿ ಬೆಳೆ ಚೆಂದ, ಹಾಗಾಗಿ ಅವನು "ಜಾಣ ರೈತ". ಮಾತೂ ಹಾಗೇ. ಅಂತಸ್ತು ಇದ್ದವನಿಗೆ ಗೊತ್ತಿರುತ್ತದೆ ಎಂದು ಮೊದಲೇ ನಂಬಿರುತ್ತೇವೆ, ಅವನತ್ತ ನೋಡುತ್ತೇವೆ, ಅವನು ಜಾಸ್ತಿ ಮಾತಾಡುತ್ತಾನೆ. ಜಾಸ್ತಿ ಮಾತಾಡಿದ್ದಕ್ಕೆ ತಿಳಿದವನು ಅಂತ ಕಾಣುತ್ತಾನೆ. ಗದ್ದಲ ಇರುವ ಮಿರ್ಚಿ ಗಾಡಿಗೇ ನಾವೂ ಹೋಗಿ ನಿಲ್ಲುತ್ತೇವಲ್ಲ, ಹಾಗೆ.

ಸಂತೆಯ ಲೆಕ್ಕ ಒಂದು. ಎತ್ತನ್ನು 60 ಸಾವಿರಕ್ಕೆ ಕೊಂಡು 70ಕ್ಕೆ ಮಾರಿದ. ಅದನ್ನೇ 80ಕ್ಕೆ ಕೊಂಡು 90ಕ್ಕೆ ಮಾರಿದ. ಲಾಭ 20 ಸಾವಿರ. ಅನೇಕರು ಹತ್ತು ಅನ್ನುತ್ತಾರೆ! ಇದೇ ತರದ ಕುದುರೆ ಲೆಕ್ಕವನ್ನು ಟಾರೆನ್ಸ್ ಎಂಬ ಸಂಶೋಧಕರು 1950ರ ದಶಕದಲ್ಲಿ ಬಾಂಬರ್ ವಿಮಾನದ ಸಿಬ್ಬಂದಿಗೆ ಕೊಟ್ಟರು. ಪೈಲಟ್‌ನ ಸರಿ ಉತ್ತರವನ್ನು ತಂಡ ಸಾಮಾನ್ಯವಾಗಿ ಒಪ್ಪಿತು. ಅಂತಸ್ತಿನಲ್ಲಿ ಕೆಳಗಿನ ಗನ್ನರ್‌ನ, ಅಂದರೆ ವಿಮಾನದ ಬಂದೂಕು ಹಾರಿಸುವವನ, ಸರಿ ಉತ್ತರ ಎಷ್ಟೋ ಸಲ ಬಿದ್ದುಹೋಯಿತು. ಲೆಕ್ಕಕ್ಕೇ ಹೀಗಾದರೆ ನ್ಯಾಯಕ್ಕೆ?

ನಮ್ಮಲ್ಲಿ ಜ್ಯೂರಿ ಇಲ್ಲ. ಆದರೆ ಊರಕಟ್ಟೆಯ ಪಂಚಾಯ್ತಿ, ಸಂಘದ ಸಭೆ ಇವೆಯಲ್ವಾ?

ಚರ್ಚೆಗೆ ಮೊದಲೇ ಎಲ್ಲರೂ ಹೆಸರಿಲ್ಲದೆ ಚೀಟಿಯಲ್ಲಿ ಬರೆದರೆ, ಮಾತಿಗೆ ಮುಖ ಅಂಟಿಕೊಳ್ಳುವುದಿಲ್ಲ. ಮುಂದಿನ ಸಭೆಗೆ ಹಾಗೆ ಮಾಡೋಣ ಅಂದಿದ್ದೇನೆ. ಬರೆಯಲು ಬಾರದವರಿಗೆ ಬರೆದುಕೊಡಲು ಹೈಸ್ಕೂಲಿನ ಇಬ್ಬರು ಹುಡುಗಿಯರು ಒಪ್ಪಿದ್ದಾರೆ.