ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು

ಸ್ಕ್ರಮ್ ಮಾಸ್ಟರ್ ಆದ ಮೊದಲ ವರ್ಷ ನಾನು ನಡೆಸುತ್ತಿದ್ದ ಬೆಳಗಿನ ಸಭೆ ನೋಡುವುದಕ್ಕೆ ಬಲು ಅಚ್ಚುಕಟ್ಟಾಗಿತ್ತು. ಸ್ಕ್ರಮ್ ಎಂದರೆ ಸಣ್ಣ ತಂಡವೊಂದು ಸಾಫ್ಟ್‌ವೇರ್‌ನಂಥ ಉತ್ಪನ್ನವನ್ನು ಕಂತುಕಂತಾಗಿ ಕಟ್ಟುವ ಕೆಲಸದ ಚೌಕಟ್ಟು; ತಂಡ ಅದನ್ನು ಸರಿಯಾಗಿ ನಡೆಸುವಂತೆ ನೋಡಿಕೊಳ್ಳುವವರು ಸ್ಕ್ರಮ್ ಮಾಸ್ಟರ್. ಹೇಳಿದ ಹೊತ್ತಿಗೆ ಶುರು, 15 ನಿಮಿಷಕ್ಕೆ ಮುಕ್ತಾಯ. ನಿನ್ನೆ ಏನು ಮಾಡಿದೆ, ಇಂದು ಏನು ಮಾಡುತ್ತೇನೆ, ಅಡ್ಡಿ ಏನಿದೆ ಎಂದು ಒಬ್ಬೊಬ್ಬರಾಗಿ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಒಂದು ದಿನ ಕೈಯಿಂದ ಜಾರಿದ ಪೆನ್ನನ್ನು ಎತ್ತಿಕೊಳ್ಳಲು ಬಗ್ಗಿದೆ. ಮಾತನಾಡುತ್ತಿದ್ದ ಸಹೋದ್ಯೋಗಿ ಅರ್ಧ ವಾಕ್ಯಕ್ಕೇ ನಿಲ್ಲಿಸಿದರು. ನಾನು ತಲೆಯೆತ್ತಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಸಿದರು. ಅವರ ಪಕ್ಕದಲ್ಲೇ ನಿಂತಿದ್ದ ಹುಡುಗನ ಕೆಲಸ ಅವರದು ಮುಗಿಯದೆ ಎರಡು ದಿನದಿಂದ ನಿಂತುಹೋಗಿತ್ತು. ಅವನತ್ತ ಅವರು ಒಮ್ಮೆಯೂ ತಿರುಗಲಿಲ್ಲ.

ತಪ್ಪು ಅವರದಲ್ಲ, ನನ್ನದು. ಡೈಲಿ ಸ್ಕ್ರಮ್ ಎಂಬ ಈ ಬೆಳಗಿನ ಸಭೆ ಸ್ಕ್ರಮ್ ಮಾಸ್ಟರ್‌ಗೆ ಒಪ್ಪಿಸುವ ವರದಿಯಲ್ಲ. ಸ್ಪ್ರಿಂಟ್‌ನ, ಅಂದರೆ ಗೊತ್ತಾದ ಅವಧಿಯ ಕೆಲಸದ ಕಂತಿನ, ಗುರಿಗೆ ಎಷ್ಟು ಹತ್ತಿರ ಬಂದಿದ್ದೇವೆ, ಇಂದು ಯಾವುದನ್ನು ಬದಲಿಸಬೇಕು ಎಂದು ಡೆವಲಪರ್‌ಗಳು ತಮ್ಮತಮ್ಮಲ್ಲೇ ಗೊತ್ತುಮಾಡಿಕೊಳ್ಳುವ ಹೊತ್ತು ಅದು. ಸಭೆ ನಡೆಯುವಂತೆ, ಹೊತ್ತು ಮೀರದಂತೆ ನೋಡಿಕೊಳ್ಳುವುದು ಸ್ಕ್ರಮ್ ಮಾಸ್ಟರ್‌ನ ಹೊಣೆ. ನಡುವೆ ನಿಂತು ಹಾಜರಿ ತೆಗೆದುಕೊಳ್ಳುವುದು ಅಲ್ಲ. ಮರುದಿನದಿಂದ ನಾನು ಎಲ್ಲರ ಬೆನ್ನ ಹಿಂದೆ, ಗೋಡೆಗೆ ಒರಗಿ ನಿಲ್ಲತೊಡಗಿದೆ. ಮೊದಲ ಎರಡು ದಿನ ಕೆಲವರು ಕತ್ತು ತಿರುಗಿಸಿ ನನ್ನನ್ನು ಹುಡುಕಿದರು. ಮೂರನೆಯ ದಿನ ಆ ಹುಡುಗನೇ ಬಾಯಿಬಿಟ್ಟ: ‘ನಿಮ್ಮದು ಮುಗಿಯುವುದು ಯಾವಾಗ ಎಂದು ಗೊತ್ತಾದರೆ ನಾನು ಬೇರೆ ಕೆಲಸವನ್ನಾದರೂ ಹಿಡಿಯುತ್ತೇನೆ.’ ಆ ಮಾತು ಎರಡು ದಿನ ಮೊದಲೇ ಬರಬೇಕಿತ್ತು.

ಸ್ಕ್ರಮ್ ತಂಡಗಳಲ್ಲಿ ನಾನು ಕಂಡ ತೊಂದರೆಗಳಲ್ಲಿ ಬಹುಪಾಲು ಹೀಗೇ ಹುಟ್ಟಿದವು. ಸೋಮಾರಿತನದಿಂದಲ್ಲ, ಒಬ್ಬರ ಹೊಣೆಯನ್ನು ಇನ್ನೊಬ್ಬರು ಸದುದ್ದೇಶದಿಂದಲೇ ಎತ್ತಿಕೊಂಡದ್ದರಿಂದ. ಕೆನ್ ಶ್ವೇಬರ್ ಮತ್ತು ಜೆಫ್ ಸದರ್‌ಲ್ಯಾಂಡ್ 1995ರಲ್ಲಿ ಈ ಚೌಕಟ್ಟನ್ನು ಮೊದಲು ಮಂಡಿಸಿದರು. 2010ರಲ್ಲಿ ಅದರ ನಿಯಮಗಳನ್ನು ಹೇಳುವ ಅವರ ಕೈಪಿಡಿ, ಸ್ಕ್ರಮ್ ಗೈಡ್, ಬಂತು. ಅದರ 2020ರ ಪರಿಷ್ಕರಣೆಯಲ್ಲಿ ‘ಪಾತ್ರ’ ಎಂಬ ಪದವನ್ನು ಕೈಬಿಟ್ಟು ‘ಉತ್ತರದಾಯಿತ್ವ’ ಎಂಬ ಅರ್ಥದ ಪದವನ್ನು ತಂದರು. ಪಾರಿಭಾಷಿಕ ಕಸರತ್ತು ಎಂದು ಆಗ ನನ್ನ ಅನೇಕ ಗೆಳೆಯರು ನಕ್ಕಿದ್ದುಂಟು. ನನಗೆ ಅದು ತಕ್ಕ ಬದಲಾವಣೆಯೆಂದೇ ತೋರಿತು. ಪಾತ್ರವೆಂದರೆ ಹುದ್ದೆಯ ಹೆಸರಾಗಿ ಗುರುತಿನ ಚೀಟಿಯ ಮೇಲೆ ಕೂತುಬಿಡುತ್ತದೆ. ಉತ್ತರದಾಯಿತ್ವವೆಂದರೆ ಕೆಲಸ ಕೆಟ್ಟಾಗ ಯಾರನ್ನು ಕೇಳಬೇಕು ಎಂಬ ಪ್ರಶ್ನೆ. ಮೂರೇ ಉತ್ತರಗಳಿವೆ: ಯಾವ ಕೆಲಸ ಮೊದಲು ಎಂದು ಹೇಳುವ ಪ್ರಾಡಕ್ಟ್ ಓನರ್, ಅದನ್ನು ಮಾಡುವ ಡೆವಲಪರ್‌ಗಳು, ಸ್ಕ್ರಮ್ ಮಾಸ್ಟರ್. ಎಲ್ಲರೂ ಸೇರಿ ಸಾಮಾನ್ಯವಾಗಿ ಹತ್ತು ಮಂದಿ ಮೀರದ ಒಂದೇ ತಂಡ, ಅದರೊಳಗೆ ಮೇಲು ಕೀಳಿಲ್ಲ.

ಪ್ರಾಡಕ್ಟ್ ಓನರ್ ಹೊಣೆಯನ್ನು ವಿವರಿಸುವುದಕ್ಕೆ ನಾನು ಒಂದು ‘ಸಣ್ಣ ಬದಲಾವಣೆ’ಯ ಕಥೆಯನ್ನು ಹೇಳುತ್ತೇನೆ. ಎರಡು ವಾರದ ಸ್ಪ್ರಿಂಟ್. ಗ್ರಾಹಕರು ರದ್ದುಮಾಡಿದ ಆರ್ಡರ್‌ಗೆ ಹಣ ತಾನಾಗಿಯೇ ಮರಳುವಂತೆ ಮಾಡುವುದು ಗುರಿ. ನಾಲ್ಕನೆಯ ದಿನ ಮಾರಾಟ ವಿಭಾಗದ ಮುಖ್ಯಸ್ಥರು ಡೆವಲಪರ್ ಒಬ್ಬರಿಗೆ ನೇರವಾಗಿ ಫೋನ್ ಮಾಡಿ, ತಿಂಗಳ ವರದಿಯಲ್ಲಿ ಒಂದೇ ಒಂದು ಕಾಲಂ ಸೇರಿಸಿಕೊಡಿ ಎಂದರು. ದೊಡ್ಡವರ ಮಾತು, ಇವರು ಆಗಲಿ ಎಂದರು. ಕಾಲಂ ಸೇರಿಸುವುದು ಹತ್ತು ನಿಮಿಷದ ಕೆಲಸ ನಿಜ, ಆದರೆ ಅದರಲ್ಲಿ ತುಂಬಬೇಕಾದ ಅಂಕಿಗಳು ಬೇರೊಂದು ಡೇಟಾಬೇಸ್‌ನಲ್ಲಿದ್ದವು. ಎರಡೂ ಕಡೆ ಗ್ರಾಹಕರ ಗುರುತಿನ ಸಂಖ್ಯೆ ಹೊಂದುತ್ತಿರಲಿಲ್ಲ. ಮೂರು ದಿನ ಹೋಯಿತು. ಸ್ಪ್ರಿಂಟ್ ಕೊನೆಗೆ ವರದಿಯಲ್ಲಿ ಕಾಲಂ ಇತ್ತು, ಹಣ ಮರಳುತ್ತಿರಲಿಲ್ಲ. ಪ್ರಾಡಕ್ಟ್ ಓನರ್‌ಗೆ ಈ ಸಂಗತಿ ತಿಳಿದದ್ದು ಆದ ಕೆಲಸವನ್ನು ತೋರಿಸುವ ರಿವ್ಯೂ ಸಭೆಯಲ್ಲಿ, ಎಲ್ಲರ ಮುಂದೆ.

ಆ ಫೋನಿಗೆ ಸರಿಯಾದ ಉತ್ತರ ‘ಆಗುವುದಿಲ್ಲ’ ಎಂಬುದೂ ಅಲ್ಲ. ‘ಇದನ್ನು ಪ್ರಾಡಕ್ಟ್ ಓನರ್ ಅವರಿಗೆ ಹೇಳಿ’ ಎಂಬುದು. ಬ್ಯಾಕ್‌ಲಾಗ್‌ನಲ್ಲಿ, ಅಂದರೆ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ, ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಎಂದು ಹೇಳುವ ಹಕ್ಕು ಅವರದು. ಆ ಹಕ್ಕಿನ ಜೊತೆಗೇ ಬಯ್ಗುಳ ತಿನ್ನುವ ಹೊಣೆಯೂ ಬರುತ್ತದೆ. ಅವರು ಒಬ್ಬ ವ್ಯಕ್ತಿಯಾಗಿರಬೇಕು, ಸಮಿತಿಯಾಗಿರಬಾರದು ಎಂದು ಗೈಡ್ ಖಡಾಖಂಡಿತವಾಗಿ ಹೇಳುತ್ತದೆ. ಹತ್ತು ಜನ ಸೇರಿದರೆ ಹಾವು ಸಾಯುವುದಿಲ್ಲ ಎಂಬ ಗಾದೆ ಬಲ್ಲವರಿಗೆ ಇದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಮಿತಿ ನಡೆಸುತ್ತಿದ್ದ ಒಂದು ಬ್ಯಾಕ್‌ಲಾಗ್‌ನಲ್ಲಿ ಅರವತ್ತು ಚಿಲ್ಲರೆ ಸಾಲುಗಳಿದ್ದವು, ಪ್ರತಿಯೊಂದರ ಮುಂದೆಯೂ ‘ಅತಿ ತುರ್ತು’ ಎಂದಿತ್ತು. ಪಳಗಿದ ಪ್ರಾಡಕ್ಟ್ ಓನರ್ ಇಂಥಲ್ಲಿ ಕೇಳುವುದು ಒಂದೇ ಪ್ರಶ್ನೆ: ‘ಇದನ್ನು ಮೇಲೆ ಹತ್ತಿಸುತ್ತೇನೆ, ಯಾವುದನ್ನು ಕೆಳಗಿಳಿಸಲಿ?’

ಇನ್ನೊಂದು ಬಗೆಯವರೂ ಇದ್ದಾರೆ. ಹೆಸರಿಗೆ ಪ್ರಾಡಕ್ಟ್ ಓನರ್, ಆದರೆ ಪ್ರತಿ ಪ್ರಶ್ನೆಗೂ ‘ಮೇಲಿನವರನ್ನು ಕೇಳಿ ಹೇಳುತ್ತೇನೆ’. ಇವರ ಪಾಡು ಅಡಕತ್ತರಿಗೆ ಸಿಕ್ಕ ಅಡಕೆಯದು, ಬಯ್ಯುವ ಮನಸ್ಸಾಗುವುದಿಲ್ಲ. ಹೊಸ ಸಂಸ್ಥೆಗೆ ಹೋದಾಗ ನಾನು ಇವರನ್ನು ಮೆಲ್ಲಗೆ ಕೇಳುವುದುಂಟು: ಯಾರನ್ನೂ ಕೇಳದೆ ಈ ಪಟ್ಟಿಯಿಂದ ಒಂದು ಸಾಲನ್ನು ನೀವು ಅಳಿಸಬಲ್ಲಿರಾ? ಉತ್ತರಕ್ಕೆ ಮೊದಲು ಬರುವ ಮೌನದಿಂದಲೇ ಎಲ್ಲ ಗೊತ್ತಾಗುತ್ತದೆ. ಗುರಿಯೇ ಅರ್ಥ ಕಳೆದುಕೊಂಡಾಗ ನಡೆಯುತ್ತಿರುವ ಸ್ಪ್ರಿಂಟನ್ನು ರದ್ದುಮಾಡುವ ಅಧಿಕಾರವನ್ನೂ ಗೈಡ್ ಪ್ರಾಡಕ್ಟ್ ಓನರ್‌ಗೆ ಮಾತ್ರ ಕೊಟ್ಟಿದೆ. ಒಂದು ಸಾಲನ್ನೇ ಅಳಿಸಲಾರದವರು ಅಷ್ಟು ದೂರ ಹೋಗುವುದುಂಟೇ?

ಆದರೆ ಒಂದು ಸ್ಪ್ರಿಂಟ್‌ಗೆ ಎಷ್ಟು ಕೆಲಸ ಹಿಡಿಸುತ್ತದೆ ಎಂದು ಹೇಳುವುದು ಪ್ರಾಡಕ್ಟ್ ಓನರ್ ಕೆಲಸವಲ್ಲ, ಹೇಗೆ ಮಾಡಬೇಕು ಎಂದು ಹೇಳುವುದಂತೂ ಅಲ್ಲವೇ ಅಲ್ಲ. ಅವೆರಡೂ ಡೆವಲಪರ್‌ಗಳವು. ಈ ಪದ ಕೇಳಿ ಕೋಡ್ ಬರೆಯುವವರನ್ನಷ್ಟೇ ನೆನೆಯಬೇಡಿ. ಪರೀಕ್ಷಿಸುವವರು, ವಿನ್ಯಾಸಕಾರರು, ಡೇಟಾ ನೋಡಿಕೊಳ್ಳುವವರು, ಬಳಸಲು ಬರುವ ಒಂದು ವಸ್ತುವನ್ನು ಕೊಡಲು ಕೈಹಾಕಿದವರೆಲ್ಲರೂ ಇಲ್ಲಿ ಡೆವಲಪರ್‌ಗಳೇ. ಇದನ್ನು ಒಪ್ಪಿಸುವುದೇ ಕಷ್ಟ. ‘ನನ್ನ ಭಾಗ ಮುಗಿದಿದೆ, ಟೆಸ್ಟಿಂಗ್ ಒಂದು ಬಾಕಿ’ ಎಂಬ ಮಾತನ್ನು ಕೇಳದ ಕಚೇರಿ ಇದೆಯೇ? ಸ್ಕ್ರಮ್ ಎಂಬ ಹೆಸರು ರಗ್ಬಿ ಆಟದ್ದು. ಹಿರೊಟಾಕಾ ಟಕೆಯುಚಿ ಮತ್ತು ಇಕುಜಿರೊ ನೊನಾಕಾ 1986ರ ಲೇಖನವೊಂದರಲ್ಲಿ ಉತ್ಪನ್ನ ತಯಾರಿಕೆಯ ಎರಡು ರೀತಿಗಳನ್ನು ಹೋಲಿಸಿದ್ದರು: ಕೋಲನ್ನು ಮುಂದಿನವನ ಕೈಗಿತ್ತು ನಿಂತುಬಿಡುವ ರಿಲೇ ಓಟ ಒಂದು, ಚೆಂಡನ್ನು ತಮ್ಮೊಳಗೆ ದಾಟಿಸುತ್ತ ಇಡೀ ತಂಡವೇ ಮುನ್ನುಗ್ಗುವ ರಗ್ಬಿ ಇನ್ನೊಂದು. ‘ಟೆಸ್ಟಿಂಗ್ ಒಂದು ಬಾಕಿ’ ಎನ್ನುವವನು ಇನ್ನೂ ರಿಲೇ ಓಡುತ್ತಿದ್ದಾನೆ.

ಇದಕ್ಕೆ ಮದ್ದು ಬೋಧನೆಯಲ್ಲ, ‘ಮುಗಿದಿದೆ’ ಎಂದರೆ ಏನು ಎಂದು ಮೊದಲೇ ಬರೆದಿಡುವುದು. ಡೆಫಿನಿಷನ್ ಆಫ್ ಡನ್ ಎನ್ನುವುದು ಇದನ್ನೇ. ಆ ಮಟ್ಟ ಮುಟ್ಟದ ಕೆಲಸವನ್ನು ರಿವ್ಯೂನಲ್ಲಿ ತೋರಿಸುವ ಹಾಗೂ ಇಲ್ಲ, ಅದು ಬ್ಯಾಕ್‌ಲಾಗ್‌ಗೆ ಮರಳುತ್ತದೆ. ‘ತೊಂಬತ್ತು ಭಾಗ ಮುಗಿದಿದೆ’ ಎಂಬ ಲೆಕ್ಕಕ್ಕೆ ಸ್ಕ್ರಮ್‌ನಲ್ಲಿ ಜಾಗವಿಲ್ಲ. ಮೊದಲ ಸಲ ಇದನ್ನು ಕಟ್ಟುನಿಟ್ಟಾಗಿ ನಡೆಸಿದಾಗ ನಮ್ಮ ತಂಡ ಹಿಡಿದಿದ್ದ ಏಳು ಕೆಲಸಗಳಲ್ಲಿ ಎರಡೇ ಉಳಿದವು. ಆ ಸಂಜೆ ಯಾರೂ ನನ್ನೊಡನೆ ಮಾತನಾಡಲಿಲ್ಲ. ಮುಂದಿನ ಸ್ಪ್ರಿಂಟ್‌ಗೆ ಅವರೇ ಏಳರ ಬದಲು ನಾಲ್ಕನ್ನು ಹಿಡಿದರು, ಕೋಡ್ ಬರೆಯುವ ಇಬ್ಬರು ಮಧ್ಯಾಹ್ನದ ಮೇಲೆ ಪರೀಕ್ಷೆಗೆ ಕೂತರು.

ಸ್ಕ್ರಮ್ ಮಾಸ್ಟರ್ ಬಗ್ಗೆ ಕೊನೆಗೆ ಬರೆಯುತ್ತಿದ್ದೇನೆ, ಏಕೆಂದರೆ ಈ ಹೊಣೆಯ ಗುಣವೇ ಹಿಂದೆ ನಿಲ್ಲುವುದು. ತಂಡ ಪರಿಣಾಮಕಾರಿಯಾಗಿ ಕೆಲಸ ಮಾಡುತ್ತಿದೆಯೇ ಎಂಬುದಕ್ಕೆ ಉತ್ತರ ಕೊಡಬೇಕಾದವರು ಇವರು, ಆದರೆ ಯಾರಿಗೂ ಕೆಲಸ ಹಂಚುವ ಅಧಿಕಾರ ಇವರಿಗಿಲ್ಲ. ಅಡ್ಡಿ ನಿವಾರಿಸುವುದು ಇವರ ಕೆಲಸವೆಂದು ಎಲ್ಲರಿಗೂ ಗೊತ್ತು. ಯಾವ ಅಡ್ಡಿಯನ್ನು ನಿವಾರಿಸಬಾರದು ಎಂಬುದೇ ಕಲಿಯಬೇಕಾದ ವಿದ್ಯೆ. ಪರೀಕ್ಷಾ ಸರ್ವರ್‌ಗೆ ಅನುಮತಿ ಸಿಗದೆ ವಾರ ಕಳೆದಿದ್ದರೆ ನಾನೇ ಎದ್ದು ಆ ವಿಭಾಗದ ಬಾಗಿಲಿಗೆ ಹೋಗುತ್ತೇನೆ. ಅದೇ ಇಬ್ಬರು ಡೆವಲಪರ್‌ಗಳ ನಡುವೆ ಒಂದು ವಿನ್ಯಾಸದ ಬಗ್ಗೆ ಜಗಳವಿದ್ದರೆ ತೀರ್ಪು ಕೊಡಲು ಹೋಗುವುದಿಲ್ಲ.

‘ಹಾಗಾದರೆ ಪ್ರಾಜೆಕ್ಟ್ ಮ್ಯಾನೇಜರ್ ಎಲ್ಲಿ?’ ಎಂದು ತರಬೇತಿಗಳಲ್ಲಿ ತಪ್ಪದೆ ಕೇಳುತ್ತಾರೆ. ಸ್ಕ್ರಮ್‌ನಲ್ಲಿ ಆ ಹೆಸರಿನ ಸ್ಥಾನವಿಲ್ಲ. ಅವರು ಮಾಡುತ್ತಿದ್ದ ಕೆಲಸ ಮೂವರಲ್ಲಿ ಹಂಚಿಹೋಗಿದೆ. ಒಬ್ಬರೇ ಪ್ರಾಡಕ್ಟ್ ಓನರ್ ಮತ್ತು ಸ್ಕ್ರಮ್ ಮಾಸ್ಟರ್ ಎರಡೂ ಆಗಬಹುದೇ ಎಂದರೆ, ಗೈಡ್‌ನಲ್ಲಿ ನಿಷೇಧವೇನೂ ಇಲ್ಲ. ನನ್ನ ಅನುಭವದಲ್ಲಿ ‘ಇನ್ನಷ್ಟು ಬೇಕು’ ಎನ್ನುವ ದನಿಯೇ ‘ಇಷ್ಟು ಸಾಕು’ ಎನ್ನುವ ದನಿಯನ್ನು ನುಂಗಿಹಾಕುತ್ತದೆ.

ವರ್ಷದ ಕೊನೆಯ ಮೌಲ್ಯಮಾಪನ ಯಾರು ಮಾಡಬೇಕು ಎಂಬುದರ ಬಗ್ಗೆ ಗೈಡ್ ಏನನ್ನೂ ಹೇಳುವುದಿಲ್ಲ. ಸ್ಕ್ರಮ್ ಮಾಸ್ಟರ್ ಮಾತ್ರ ಬೇಡ ಎಂಬುದು ನನ್ನ ಹಟ. ನಾನಿದ್ದ ಒಂದು ಸಂಸ್ಥೆಯಲ್ಲಿ ತಂಡದವರಿಗೆ ಅಂಕ ಕೊಡುವ ಕೆಲಸವನ್ನು ನನಗೆ ವಹಿಸಿದರು. ನಾನೂ ಗೌರವವೆಂದು ಭಾವಿಸಿ ಒಪ್ಪಿಕೊಂಡೆ. ಅದಕ್ಕೆ ಮೊದಲು ನಮ್ಮ ರೆಟ್ರೊಸ್ಪೆಕ್ಟಿವ್‌ಗಳಲ್ಲಿ, ಅಂದರೆ ಕೆಲಸ ಹೇಗೆ ನಡೆಯಿತು ಎಂದು ತಂಡವೇ ಹಿಂತಿರುಗಿ ನೋಡುವ ಸಭೆಗಳಲ್ಲಿ, ಗೋಡೆಯ ತುಂಬ ಹಳದಿ ಚೀಟಿಗಳಿರುತ್ತಿದ್ದವು: ಅವಸರದಲ್ಲಿ ಬಿಟ್ಟ ಪರೀಕ್ಷೆಗಳು, ಸರಿಯಾಗಿ ಹೇಳದ ಅಗತ್ಯಗಳು, ನನ್ನ ಮೇಲಿನ ದೂರುಗಳು. ಸುದ್ದಿ ಹೊರಬಿದ್ದ ನಂತರದ ಸಭೆಯಲ್ಲಿ ಗೋಡೆಯ ಮೇಲೆ ಎರಡೇ ಚೀಟಿಗಳಿದ್ದವು. ಸಭಾಕೋಣೆ ತುಂಬ ತಣ್ಣಗಿದೆ ಎಂದು ಒಂದರಲ್ಲಿತ್ತು, ಇಂಟರ್ನೆಟ್ ನಿಧಾನ ಎಂದು ಇನ್ನೊಂದರಲ್ಲಿ.