ಮೂರು ತಿಂಗಳ ಉಚಿತ ಕೋರ್ಸಾ, ಎರಡು ವರ್ಷದ ಐಟಿಐನಾ?

ಪ್ರಶ್ನೆ: ಮಗ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೆ, ಪಿಯುಸಿ ಬೇಡ ಅಂತಾನೆ. ಊರಿಗೆ ಬಂದವರೊಬ್ಬರು ‘ಮೂರು ತಿಂಗಳು ಉಚಿತ ತರಬೇತಿ, ಮುಗಿದ ಕೂಡಲೇ ಕೆಲಸ’ ಎಂದು ಫಾರಂ ಕೊಟ್ಟು ಹೋದರು. ನಮ್ಮ ಮನೆಯವರು ಐಟಿಐಗೇ ಸೇರಿಸೋಣ ಅಂತಾರೆ. ಎರಡೂ ಸರ್ಕಾರದ್ದೇ ಅಲ್ವಾ? ಯಾವುದಕ್ಕೆ ಕಳಿಸಲಿ?

ಅಕ್ಕಾ, ನೇರವಾಗಿ ಹೇಳಿಬಿಡುತ್ತೇನೆ. ಇನ್ನೆರಡು ವರ್ಷ ಅವನ ದುಡಿಮೆ ಇಲ್ಲದೆ ಮನೆ ನಡೆಯುತ್ತದೆ ಅಂದರೆ ಐಟಿಐಗೆ ಕಳಿಸಿ.

ಎರಡಕ್ಕೂ ಸರ್ಕಾರವೇ ದುಡ್ಡು ಹಾಕುತ್ತದೆ, ನಿಜ. ಆದರೆ ಹಾಕುವ ರೀತಿ ಬೇರೆ. ಸರ್ಕಾರಿ ಐಟಿಐನಲ್ಲಿ ಕಟ್ಟಡ, ಮಷಿನ್, ಮೇಷ್ಟ್ರ ಸಂಬಳ ಎಲ್ಲವೂ ಸರ್ಕಾರದ್ದು. ಐಟಿಐ ತರಬೇತಿ ಶುರುವಾದದ್ದು 1950ರಲ್ಲಿ, ಕೇಂದ್ರ ಸರ್ಕಾರದ ಯೋಜನೆಯಾಗಿ. ಮೂರು ತಿಂಗಳ ಕೋರ್ಸುಗಳದ್ದು ಬೇರೆ ಲೆಕ್ಕ. ಉದಾಹರಣೆಗೆ, ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ 2015ರ ಜುಲೈನಲ್ಲಿ ಬಂತು, ಅದರಲ್ಲಿ ಹೆಚ್ಚಿನ ಕಡೆ ಪಾಠ ಮಾಡುವುದು ಖಾಸಗಿ ಸಂಸ್ಥೆ. ಒಬ್ಬ ಅಭ್ಯರ್ಥಿಗೆ, ಒಂದು ಗಂಟೆಗೆ ಇಷ್ಟು ಎಂದು ಲೆಕ್ಕ ಹಾಕಿ ಸರ್ಕಾರ ಆ ಸಂಸ್ಥೆಗೆ ಹಣ ಕೊಡುತ್ತದೆ. ಅಂದರೆ ನಿಮಗೆ ಉಚಿತ, ಅವರಿಗೆ ನಿಮ್ಮ ಮಗನ ಹೆಸರು ಬೇಕು. ಊರೂರು ತಿರುಗಿ ಫಾರಂ ತುಂಬಿಸುವುದು ಇದಕ್ಕೇ. ಇದರಲ್ಲಿ ಮೋಸ ಇದೆ ಎಂದು ಹೇಳುತ್ತಿಲ್ಲ, ಚೆನ್ನಾಗಿ ಕಲಿಸುವ ಸಂಸ್ಥೆಗಳೂ ಇವೆ. ಸುಮ್ನೆ ಯಾರು ಯಾಕೆ ಕರೆಯುತ್ತಿದ್ದಾರೆ ಎಂದು ಗೊತ್ತಿರಲಿ.

ಈಗ ಗಂಟೆಯ ಲೆಕ್ಕ ನೋಡಿ, ನನಗೆ ಇದೇ ಮುಖ್ಯ. ಮೂರು ತಿಂಗಳ ಕೋರ್ಸ್ ಅಂದರೆ ಹೆಚ್ಚುಕಮ್ಮಿ ಮುನ್ನೂರು, ನಾನೂರು ಗಂಟೆ, ಅದರಲ್ಲೇ ಥಿಯರಿ, ಅದರಲ್ಲೇ ಇಂಗ್ಲಿಷ್ ಮಾತು, ಅದರಲ್ಲೇ ಕಂಪ್ಯೂಟರ್. ಐಟಿಐನಲ್ಲಿ 2022ರ ಹೊಸ ಪಠ್ಯಕ್ರಮದ ಪ್ರಕಾರ ವರ್ಷಕ್ಕೆ 1200 ಗಂಟೆ, ಫಿಟ್ಟರ್ ಟ್ರೇಡ್ (ಲೋಹದ ಭಾಗಗಳನ್ನು ಅಳತೆಗೆ ತಂದು ಜೋಡಿಸುವ ಕಸುಬು) ತಗೊಂಡರೆ ಅದರಲ್ಲಿ 840 ಗಂಟೆ ಬರೀ ಪ್ರಾಕ್ಟಿಕಲ್. ಶುರುವಿನ ವಾರಗಳಲ್ಲಿ ಹುಡುಗರು ಬಿಗಿಹಿಡಿಯುವ ವೈಸ್‌ಗೆ ಕಬ್ಬಿಣದ ತುಂಡು ಕಟ್ಟಿ, ಅರ ಹಿಡಿದು ಉಜ್ಜುತ್ತಾ ಇರುತ್ತಾರೆ. ಕೈಯಲ್ಲಿ ಬೊಬ್ಬೆ ಏಳುತ್ತದೆ. ಮೂಲೆಮಟ್ಟ (ಟ್ರೈ ಸ್ಕ್ವೇರ್) ಇಟ್ಟು ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕು ಕಾಣಬಾರದು, ಕಂಡರೆ ಮತ್ತೆ ಉಜ್ಜಬೇಕು. ಇದೆಲ್ಲ ಈಗ ಮಷಿನ್ ಮಾಡುತ್ತದಲ್ಲ, ಯಾಕೆ ಬೇಕು ಎಂದು ಕೇಳುವವರಿದ್ದಾರೆ. ವರ್ನಿಯರ್ ಎಂಬ ಅಳತೆ ಉಪಕರಣದಲ್ಲಿ 0.02 ಮಿಲಿಮೀಟರ್ ಓದುವ ಹುಡುಗನಿಗೆ, ಆ ವ್ಯತ್ಯಾಸ ಏನು ಅಂತ ತನ್ನ ಕೈಗೂ ಗೊತ್ತಿರಬೇಕು. ಆಮೇಲೆ ಯಾವ ಮಷಿನ್ ಮುಂದೆ ನಿಲ್ಲಿಸಿದರೂ ಅವನು ಕಲಿತುಕೊಳ್ಳುತ್ತಾನೆ. ಅದು ಮೂರು ತಿಂಗಳಲ್ಲಿ ಬರುವುದಿಲ್ಲ.

ಎಲ್ಲ ಟ್ರೇಡೂ ಎರಡು ವರ್ಷ ಅಲ್ಲ. ಫಿಟ್ಟರ್, ಎಲೆಕ್ಟ್ರಿಷಿಯನ್, ಟರ್ನರ್ ಎರಡು ವರ್ಷ. ವೆಲ್ಡರ್, ಪ್ಲಂಬರ್, ಕಂಪ್ಯೂಟರ್ ಆಪರೇಟರ್‌ದು ಒಂದೇ ವರ್ಷ.

ಐಟಿಐ ಮುಗಿದ ಮೇಲೆ ಅಪ್ರೆಂಟಿಸ್‌ಶಿಪ್ ಇದೆ. ಎಷ್ಟೋ ತಂದೆತಾಯಿಗೆ ಇದು ಗೊತ್ತೇ ಇರುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಕಾರ್ಖಾನೆಗಳು ಕಲಿಯುವ ಹುಡುಗರನ್ನು ತೆಗೆದುಕೊಳ್ಳಬೇಕು, ತಿಂಗಳು ತಿಂಗಳು ಸ್ಟೈಪೆಂಡ್ ಕೊಡಬೇಕು. ಬೆಂಗಳೂರಿನ ಎಚ್‌ಎಎಲ್, ಯಲಹಂಕದ ರೈಲು ಗಾಲಿ ಕಾರ್ಖಾನೆ, ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್ ಇಂಥ ಕಡೆ ಐಟಿಐ ಪಾಸಾದವರನ್ನು ಕರೆಯುತ್ತಾರೆ. ಅಲ್ಲಿ ಕಾಯಂ ಕೆಲಸ ಸಿಕ್ಕೇ ಸಿಗುತ್ತದೆ ಎಂದು ನಂಬಬೇಡಿ. ಆದರೆ ಅಂಥ ಜಾಗದಲ್ಲಿ ಒಂದು ವರ್ಷ ಕೆಲಸ ನೋಡಿದವನನ್ನು ಬೇರೆ ಕಂಪನಿಯವರು ಕೇಳುವ ರೀತಿಯೇ ಬೇರೆ. ಮುಂದೆ ಓದಬೇಕು ಅನ್ನಿಸಿದರೂ ದಾರಿ ಮುಚ್ಚುವುದಿಲ್ಲ, ಎರಡು ವರ್ಷದ ಐಟಿಐ ಮಾಡಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೇ ಸೇರಬಹುದು.

ಹಾಗಂತ ಐಟಿಐ ಬೋರ್ಡ್ ಕಂಡಲ್ಲೆಲ್ಲ ಸೇರಿಸಬೇಡಿ. ನನ್ನ ಅಣ್ಣನ ಮಗ ಸೇರಿದ್ದು ಅಂಗಡಿ ಮೇಲಿನ ಎರಡು ರೂಮಿನ ಒಂದು ಖಾಸಗಿ ಐಟಿಐಗೆ. ಲೋಹ ಕಡೆಯುವ ಲೇತ್ ಮಷಿನ್ ಒಂದಿತ್ತು, ಅದಕ್ಕೆ ಕರೆಂಟ್ ಕನೆಕ್ಷನ್ ಇರಲಿಲ್ಲ. ಎರಡು ವರ್ಷ ಹುಡುಗ ನೋಟ್ಸ್ ಬರೆದ. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಅವನಿಗೆ ಕೆಲಸದ ಮೇಲೆ ಪ್ರೀತಿ ಇತ್ತು. ಅದಕ್ಕೇ ಕೇಂದ್ರ ಸರ್ಕಾರದ ಮಾನ್ಯತೆ (ಎನ್‌ಸಿವಿಟಿ ಅಂತಾರೆ) ಇದೆಯಾ ಎಂದು ಕೇಳಿ, ಅದೂ ನಿಮ್ಮ ಮಗ ಸೇರುವ ಟ್ರೇಡಿಗೇ ಇದೆಯಾ ಎಂದು ಕೇಳಿ. ನಮ್ಮ ರಾಜ್ಯದಲ್ಲಿ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಹೊಸ ಮಷಿನ್ ಹಾಕಿ ಮೇಲ್ದರ್ಜೆಗೆ ಏರಿಸಿದ್ದಾರೆ, ಹತ್ತಿರದಲ್ಲಿ ಅಂಥದ್ದು ಇದ್ದರೆ ಮೊದಲು ಅದನ್ನು ನೋಡಿ. ಮಗನಿಗೆ ಲೆಕ್ಕ, ಡ್ರಾಯಿಂಗ್ ಚೆನ್ನಾಗಿ ಬರುತ್ತದೆ ಅಂದರೆ ಜಿಟಿಟಿಸಿ ಎಂಬ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರವೂ ಇದೆ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸಂಸ್ಥೆ, ಈಗ ಜಿಲ್ಲೆಗಳಲ್ಲೂ ಕೇಂದ್ರಗಳಿವೆ. ಟೂಲ್ ಅಂಡ್ ಡೈ (ಉಪಕರಣ, ಅಚ್ಚು ಮಾಡುವ) ಡಿಪ್ಲೊಮಾ ಮೂರು ವರ್ಷ, ಮೇಲೆ ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಶುಲ್ಕ ಐಟಿಐಗಿಂತ ಜಾಸ್ತಿ, ಕೆಲಸವೂ ಕಷ್ಟ.

ಹಾಗಾದರೆ ಚಿಕ್ಕ ಕೋರ್ಸ್ ಯಾರಿಗೆ? ಕೆಲಸ ಅರ್ಧ ಗೊತ್ತಿರುವವರಿಗೆ, ವಯಸ್ಸಾದ ಮೇಲೆ ಕಸುಬು ಬದಲಿಸುವವರಿಗೆ, ಸ್ವಂತ ಅಂಗಡಿ ಇಡುವವರಿಗೆ. ಇದರಲ್ಲಿ ದೇಶಕ್ಕೇ ಮಾದರಿ ನಮ್ಮ ಉಜಿರೆಯದು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಜೊತೆ ಸೇರಿ 1982ರಲ್ಲಿ ರುಡ್‌ಸೆಟ್ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆ ಶುರು ಮಾಡಿದರು. ಅದನ್ನೇ ನೋಡಿ ಕೇಂದ್ರ ಸರ್ಕಾರ ಜಿಲ್ಲೆಗೊಂದು ಆರ್‌ಸೆಟಿ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ) ತೆರೆಯಲು ಹೊರಟಿತು. ಹೊಲಿಗೆ, ಹೈನುಗಾರಿಕೆ, ಮೊಬೈಲ್ ರಿಪೇರಿ, ಕೆಲವು ವಾರಗಳ ತರಬೇತಿ, ಊಟ ವಸತಿ ಎಲ್ಲ ಉಚಿತ. ತರಬೇತಿ ಮುಗಿದ ಮೇಲೂ ಎರಡು ವರ್ಷ ವಿಚಾರಿಸಿಕೊಳ್ಳುತ್ತಾರೆ, ಬ್ಯಾಂಕ್ ಸಾಲಕ್ಕೆ ದಾರಿ ಮಾಡಿಕೊಡುತ್ತಾರೆ. ಆದರೆ 18 ತುಂಬಿರಬೇಕು. ನಿಮ್ಮ ಮಗನಿಗಲ್ಲ, ನಿಮಗೇ ಅದು ಸರಿಹೋಗಬಹುದು.

ಮನೆಯ ಪರಿಸ್ಥಿತಿ ಬಿಗಿಯಾಗಿದ್ದು ಮೂರು ತಿಂಗಳಿಗೇ ಕಳಿಸಬೇಕಾಗಿ ಬಂದರೆ, ಫಾರಂ ಕೊಟ್ಟವರನ್ನು ಇಷ್ಟು ಕೇಳಿ. ಹೋದ ಬ್ಯಾಚಿನ ನಾಲ್ಕು ಹುಡುಗರ ಫೋನ್ ನಂಬರ್ ಕೊಡಿ, ಅವರು ಈಗ ಎಲ್ಲಿದ್ದಾರೆ, ರೂಮ್ ಬಾಡಿಗೆ ಊಟ ಕಳೆದು ಕೈಗೆ ಎಷ್ಟು ಉಳಿಯುತ್ತದೆ. ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ಕೊಡಿ, ಒರಿಜಿನಲ್ ಅವರ ಕೈಗೆ ಬಿಡಬೇಡಿ. ಉಚಿತ ಎಂದು ಹೇಳಿ ‘ಡೆಪಾಸಿಟ್’ ಕೇಳಿದರೆ ಎದ್ದು ಬನ್ನಿ. ಮತ್ತೆ ಈ ವಾರವೇ ಒಂದು ದಿನ ಮಗನನ್ನು ಕರೆದುಕೊಂಡು ಹತ್ತಿರದ ಸರ್ಕಾರಿ ಐಟಿಐಗೆ ಹೋಗಿ ಬನ್ನಿ, ಮಧ್ಯಾಹ್ನ ವರ್ಕ್‌ಶಾಪ್ ನಡೆಯುವ ಹೊತ್ತಿಗೆ. ಅವನು ಯಾವ ಟ್ರೇಡಿನ ಬಾಗಿಲಲ್ಲಿ ಜಾಸ್ತಿ ಹೊತ್ತು ನಿಂತ ಎಂದು ನೋಡಿಕೊಂಡು ಬನ್ನಿ, ಅರ್ಜಿ ಆಮೇಲೆ ಹಾಕೋಣ.